ಕಡಲೆಕಾಯಿ ಎಣ್ಣೆ ಡಬ್ಬಿಯ ಕಾರು

ಸಾವಿತ್ರಿಗೆ ಕಾರು ಕಟ್ಟುವ ಹುಚ್ಚು ಹಿಡಿಯಲು ಮೂಲ ಕಾರಣ ಅವಳ ಗಂಡನ ಬಲಗಾಲು.

ರಾಮಕೃಷ್ಣ ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಬ್ಯಾಂಕಿನಿಂದ ನಿವೃತ್ತನಾದ ಮರುದಿನವೇ ಅಡುಗೆಮನೆಯನ್ನು ವಹಿಸಿಕೊಂಡು, ಮೈಸೂರಿನ ಸಾರನ್ನು ವಡೋದರಾದ ನೀರಿನಲ್ಲೂ ಕುದಿಸಿ ತೋರಿಸಿದವನು. ಆದರೆ ಹೆಂಡತಿ ಸ್ಟೇರಿಂಗ್ ಹಿಡಿದು ಕೂತಳೆಂದರೆ ಅವನ ಬುದ್ಧಿಯೆಲ್ಲ ಬಲಗಾಲಿಗೆ ಇಳಿದುಬಿಡುತ್ತಿತ್ತು. ಪಕ್ಕದ ಸೀಟಿನಲ್ಲಿ ಕೂತು, ಅಲ್ಲಿ ಇಲ್ಲವೇ ಇಲ್ಲದ ಬ್ರೇಕನ್ನು ತುಳಿಯುತ್ತಿದ್ದ. "ಬ್ರೇಕು, ಬ್ರೇಕು! ನಿಧಾನ ಕಣೇ! ಹಸು, ಹಸು!" ಎಂದು ಕೂಗುತ್ತಿದ್ದ. ಇವರು ಗೋರ್ವಾ ದಾಟುತ್ತಿದ್ದರೆ ಆ ಹಸು ಇನ್ನೂ ಮೈಲಿ ದೂರದ ಅಲ್ಕಾಪುರಿಯಲ್ಲಿ ಮಲಗಿ ಮೆಲುಕು ಹಾಕುತ್ತಿರುತ್ತಿತ್ತು. ತುಳಿದೂ ತುಳಿದೂ ಅವನ ಕಾಲ ಕೆಳಗಿನ ರಬ್ಬರ್ ಮ್ಯಾಟು ತೂತು ಬಿದ್ದಿತ್ತು. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಶಾಲೆಗೆ ಹೋಗಿ, ಮೊದಲ ಸಲಕ್ಕೇ ಲೈಸೆನ್ಸ್ ಪಡೆದಿದ್ದ ಸಾವಿತ್ರಿ ಒಂದು ದಿನ ನಡುರಸ್ತೆಯಲ್ಲಿ ಕೀಲಿ ಕಿತ್ತು ಗಂಡನ ಮಡಿಲಿಗೆ ಹಾಕಿದಳು. "ನೀವೇ ಓಡಿಸ್ರಿ. ಬ್ರೇಕು ನಿಮ್ಮ ಕಾಲಾಗೇ ಐತಿ."

ಅಂದಿನಿಂದ ಅವಳು ಮತ್ತೆ ಹಿಂದಿನ ಸೀಟಿಗೆ ಬಂದಳು. ಹಿಂದಿನ ಸೀಟು ಅವಳಿಗೆ ಹೊಸದಲ್ಲ. ದಾವಣಗೆರೆಯಲ್ಲಿ ಅವಳ ಅಪ್ಪ ಲಾರಿ ಓಡಿಸುತ್ತಿದ್ದ. ಮೂವರು ಗಂಡುಮಕ್ಕಳ ಕೈಗೂ ಮೀಸೆ ಮೂಡುವ ಮೊದಲೇ ಸ್ಟೇರಿಂಗ್ ಕೊಟ್ಟ. ಸಾವಿತ್ರಿಗೆ ಕೊಟ್ಟಿದ್ದು ಲಾರಿಯ ಬೆನ್ನು. ಸಂಜೆ ಲಾರಿಯನ್ನು ಹಿಮ್ಮುಖವಾಗಿ ಓಣಿಯೊಳಗೆ ತರುವಾಗ ಅವಳು ಹಿಂದೆ ನಿಂತು, ಬಾಡಿಯನ್ನು ಅಂಗೈಯಿಂದ ಬಡಿಯುತ್ತ, "ಬರ್ಲಿ, ಬರ್ಲಿ, ಬರ್ಲಿ... ಸಾಕು!" ಎಂದು ಕೂಗಬೇಕು. ಅವಳು ಸಾಕು ಎಂದ ಕಡೆ ಲಾರಿ ನಿಲ್ಲಬೇಕು. "ರಿವರ್ಸಿನಾಗೆ ಗಾಡಿ ಓಡ್ಸೋದು ಹಿಂದೆ ನಿಂತೋರು ಕಣವ್ವ, ನಾನಲ್ಲ," ಎಂದು ಅಪ್ಪ ಹೇಳುತ್ತಿದ್ದ. ಅದು ಅಳುವ ಮಗುವಿನ ಕೈಗೆ ಕೊಟ್ಟ ಬೆಲ್ಲದ ಚೂರು ಎಂದು ಹತ್ತು ವರ್ಷದ ಹುಡುಗಿಗೂ ಗೊತ್ತಾಗುತ್ತಿತ್ತು.

ದೊಡ್ಡವಳಾದ ಮೇಲೆ ಸೇರಿದ್ದು ವಿಮಾ ಕಂಪನಿ, ಅದರಲ್ಲೂ ವಾಹನ ಅಪಘಾತದ ವಿಭಾಗ. ಅಲ್ಕಾಪುರಿಯ ಕಚೇರಿಯಲ್ಲಿ ಕೂತು ಇಡೀ ದಿನ ನುಜ್ಜುಗುಜ್ಜಾದ ಗಾಡಿಗಳ ಫೋಟೊ ನೋಡುವ ಕೆಲಸ. ಯಾವ ಬೋಲ್ಟು ಎಲ್ಲಿ ಕೂರುತ್ತದೆ, ಯಾವುದು ಮುರಿದರೆ ಯಾವುದು ಬಗ್ಗುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಜೀವಮಾನವಿಡೀ ಗಾಡಿಗಳನ್ನು ಬಿಡಿಬಿಡಿಯಾಗಿ ನೋಡಿದವಳಿಗೆ ಒಂದನ್ನಾದರೂ ಕೂಡಿಸಿ ನೋಡಬೇಕೆಂಬ ಆಸೆ ಹುಟ್ಟಿದರೆ ಅದರಲ್ಲಿ ತಪ್ಪೇನಿದೆ ಹೇಳಿ.

ಆಸೆಗೆ ಆಕಾರ ಬಂದದ್ದು ಗೋರ್ವಾದ ನಿತಿನ್‌ಭಾಯಿಯ ವೆಲ್ಡಿಂಗ್ ಶೆಡ್ಡಿನ ಮುಂದೆ. ಅಲ್ಲಿ ಸಾಮಾನು ಸಾಗಿಸುವ ಹಳೆಯ ಮೂರು ಚಕ್ರದ ಗಾಡಿಯೊಂದು, ಊರಿನವರು ಲೋಡಿಂಗ್ ರಿಕ್ಷಾ ಎನ್ನುವುದು, ಮೈ ತುಂಬ ತುಕ್ಕು ಹೊದ್ದು ನಿಂತಿತ್ತು. ಎಂಜಿನ್ನು, ಗೇರುಬಾಕ್ಸು, ಹಿಂದಿನ ಅಚ್ಚು ಎಲ್ಲ ಒಂದೇ ಗಂಟಾಗಿ ಗಟ್ಟಿಮುಟ್ಟಾಗಿದ್ದವು. ತೂಕಕ್ಕೆ ಹಾಕುವುದೆಂದು ನಿತಿನ್‌ಭಾಯಿ ಹೇಳಿದ. ಸಾವಿತ್ರಿ ಅದನ್ನು ಎರಡು ಸುತ್ತು ಬಂದಳು. ಆಮೇಲೆ ಹ್ಯಾಂಡ್‌ಬ್ಯಾಗಿನಿಂದ ಲಿಪ್‌ಸ್ಟಿಕ್ ತೆಗೆದು ಶೆಡ್ಡಿನ ಗೋಡೆಯ ಮೇಲೆ ಒಂದು ಕಾರು ಬರೆದಳು. ಅದರ ಮುಂಭಾಗದಲ್ಲಿ ನಟ್ಟನಡುವೆ ಒಂದೇ ಒಂದು ಸೀಟು. ಉಳಿದವರೆಲ್ಲ ಹಿಂದೆ.

"ಪಕ್ಕದ ಸೀಟು?" ಎಂದು ನಿತಿನ್‌ಭಾಯಿ ಕೇಳಿದ.

"ಪಕ್ಕದ ಸೀಟು ಇಲ್ಲ," ಎಂದಳು ಸಾವಿತ್ರಿ. "ಅದಕ್ಕೇ ಈ ಕಾರು."

ನಿತಿನ್‌ಭಾಯಿ ಗೋಡೆಯನ್ನು ನೋಡಿದ, ಗಾಡಿಯನ್ನು ನೋಡಿದ, ಬಾಯಲ್ಲಿದ್ದ ಅಡಿಕೆ ಮಸಾಲೆಯನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ತಳ್ಳಿ, "ಥೈ ಜಶೇ, ಬೆನ್," ಎಂದ. ಆಗುತ್ತೆ ಅಕ್ಕಾ ಎಂದು ಅರ್ಥ. ಆ ಮಹಾನುಭಾವ ಜೀವನದಲ್ಲಿ ಯಾವುದಕ್ಕೂ ಇಲ್ಲ ಎಂದವನಲ್ಲ. ಅದು ಅವನ ಗುಣವೂ ಹೌದು, ಮುಂದೆ ನೋಡುವಿರಿ, ಅವನ ದೋಷವೂ ಹೌದು.

ಮುಂದಿನ ತಿಂಗಳುಗಳಲ್ಲಿ ಸಾವಿತ್ರಿ ಭಾನುವಾರಗಳನ್ನು ಹಬ್ಬದಂತೆ ಕಾದಳು. ಅಹಮದಾಬಾದಿನ ನದೀತೀರದ ಭಾನುವಾರದ ಗುಜರಿ ಸಂತೆಯಲ್ಲಿ ಮಂಡಿಯೂರಿ ಕೂತು ಮೊಪೆಡ್ಡಿನ ಕನ್ನಡಿಗಳನ್ನೂ ಸ್ಕೂಟರಿನ ಹೆಡ್‌ಲೈಟುಗಳನ್ನೂ ಬದನೆಕಾಯಿ ಆರಿಸುವಂತೆ ಆರಿಸಿದಳು. ಸ್ಟೇರಿಂಗಿಗಾಗಿ ಸೂರತ್ತಿನ ಗಾಡಿ ಒಡೆಯುವ ಅಂಗಳಕ್ಕೆ ಹೋದಳು. ಅಲ್ಲಿ ಸಿಕ್ಕ ಪುಟ್ಟ ಹಳೇ ಕಾರಿನ ಸ್ಟೇರಿಂಗನ್ನು, ಅದರ ಉದ್ದನೆಯ ಕೋಲಿನ ಸಮೇತ, ಸೀರೆಯಂಗಡಿಯ ರಟ್ಟಿನಲ್ಲಿ ಸುತ್ತಿ ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಳು. ಎದುರು ಕೂತಿದ್ದ ಹೆಂಗಸು, "ಮದುವೆ ಸೀರೆಯಾ? ಸ್ವಲ್ಪ ತೋರಿಸಿ," ಎಂದಳು. ಸಾವಿತ್ರಿ ರಟ್ಟು ಸರಿಸಿ ತೋರಿಸಿದಳು. ಭರೂಚ್ ದಾಟುವವರೆಗೂ ಆ ಹೆಂಗಸು ಮಾತಾಡಲಿಲ್ಲ. ದಾಟಿದ ಮೇಲೆ, "ನಾನೂ ಒಂದು ಸಲ ಹಿಡ್ಕೊಳ್ಳಲಾ?" ಎಂದು ಕೇಳಿ ವಡೋದರಾದವರೆಗೂ ಅವಳೇ ಸ್ಟೇರಿಂಗ್ ತಿರುಗಿಸಿಕೊಂಡು ಬಂದಳು.

ಕಾರಿನ ಮೈಗೆ ತಗಡು ಬೇಕಿತ್ತು. ಗುಜರಾತಿನಲ್ಲಿ ತಗಡಿಗೇನು ಬರ? ಮನೆಮನೆಯಲ್ಲೂ ವರ್ಷಕ್ಕಾಗುವಷ್ಟು ಕಡಲೆಕಾಯಿ ಎಣ್ಣೆಯ ದೊಡ್ಡ ಡಬ್ಬಿಗಳು. ಅವರ ವಸತಿ ಸೊಸೈಟಿಯ ಹೆಂಗಸರೆಲ್ಲ ಖಾಲಿ ಡಬ್ಬಿ ತಂದು ಸುರಿದರು. ರಾಮಕೃಷ್ಣ ಬಾಲ್ಕನಿಯಲ್ಲಿ ಕೂತು, ಒಗ್ಗರಣೆ ಸೀಯುತ್ತಿರುವಾಗಲೂ ಎದ್ದು ಹೋಗದೆ, ಅವನ್ನು ಬಡಿದು ಚಪ್ಪಟೆ ಮಾಡಿದ. ಹೆಂಡತಿಯ ಕಾರಿನಲ್ಲಿ ಕೂರಲು ಅವನಿಗೆ ಭಯ, ಹೆಂಡತಿಗೆ ಇಲ್ಲವೆನ್ನಲು ಇನ್ನೂ ಹೆಚ್ಚಿನ ಭಯ, ಇವೆರಡರ ನಡುವೆ ತಗಡು ಬಡಿಯುವುದು ಅವನಿಗೆ ನೆಮ್ಮದಿಯ ಕೆಲಸವಾಗಿತ್ತು. ಕಾರಿನ ಮೈತುಂಬ ಎರಡೆರಡು ಬೀಜದ ಕಡಲೆಕಾಯಿ ಚಿತ್ರಗಳು. ಅಹಮದಾಬಾದಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಮಗಳು ಮೇದಿನಿ ರಜೆಗೆ ಬಂದವಳು ಅದನ್ನು ನೋಡಿ, "ಅಮ್ಮಾ, ಇದು ಕಾರ್ ಅಲ್ಲ, ಡಬ್ಬಾ," ಎಂದಳು. ಗುಜರಾತಿನಲ್ಲೇ ಹುಟ್ಟಿ ಬೆಳೆದವಳ ಕನ್ನಡ ಹಾಗೆ, ಲೆಕ್ಕ ಹಾಕಿ ಖರ್ಚು ಮಾಡಿದಂತೆ. ಕಾರಿಗೆ ಡಬ್ಬಾ ಎಂಬ ಹೆಸರೇ ನಿಂತಿತು.

ಈಗ ಆಯುಧಪೂಜೆಯ ದಿನಕ್ಕೆ ಬರೋಣ. ಎಡವಟ್ಟು ಹುಟ್ಟಿದ್ದು ಆವತ್ತು, ಅದೂ ಪೂರ್ತಿ ಭಕ್ತಿಯಿಂದ.

ನವರಾತ್ರಿಯಲ್ಲಿ ಇಡೀ ವಡೋದರಾ ಗರ್ಬಾ ಕುಣಿಯುತ್ತದೆ. ಕುಣಿದು ಬೆಳಗಿನವರೆಗೆ ತಿಂದು ಮಧ್ಯಾಹ್ನದವರೆಗೆ ಮಲಗುತ್ತದೆ. ಆದರೆ ರಾಮಕೃಷ್ಣ ಎಲ್ಲಿದ್ದರೂ ಮೈಸೂರಿನವನು. ಮಹಾನವಮಿಯ ಬೆಳಿಗ್ಗೆ ಬಾಳೆಕಂದು, ಚೆಂಡುಹೂವು, ಬೂದುಗುಂಬಳ ಹೊತ್ತು ಶೆಡ್ಡಿಗೆ ಬಂದ. ಕಾರಿನ ಚೌಕಟ್ಟು ಇಕ್ಕಟ್ಟಾದ ಶೆಡ್ಡಿನಲ್ಲಿ ಅಲ್ಲಾಡದಂತೆ ಕೂತಿತ್ತು. ಅದರ ಹಿಂಭಾಗದಲ್ಲಿ ಇಳಿಸಬೇಕಾದ ಎಂಜಿನ್ನಿನ ಗಂಟು ಮೇಲೆ ಸರಪಳಿಯಲ್ಲಿ ತೂಗುತ್ತಿತ್ತು. ರಾಮಕೃಷ್ಣ ಅದಕ್ಕೆ ವಿಭೂತಿ ಬಳಿದು, ಕುಂಕುಮವಿಟ್ಟು, ಹಾರ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದವನು ಬೆಚ್ಚಿಬಿದ್ದ.

"ಏನೇ ಇದು? ದಕ್ಷಿಣಕ್ಕೆ ಮುಖ ಮಾಡಿ ಕೂರಿಸ್ತೀಯಾ? ಯಮನ ದಿಕ್ಕು ಕಣೇ!"

"ಸಾವಿತ್ರಿ ಅಂತ ಹೆಸರಿಟ್ಕೊಂಡು ಯಮಂಗೆ ಹೆದರ್ತೀನೇನ್ರಿ?"

"ನೀನು ಹೆದರಲ್ಲ. ನಾನು ಹಿಂದೆ ಕೂರೋನು."

ಪಾಪ ಎನಿಸಿತು ಅವಳಿಗೆ. ಪೂಜೆ ಮುಗಿಯುವವರೆಗೆ ತಾನೇ ಎಂದುಕೊಂಡು, ತೂಗುತ್ತಿದ್ದ ಎಂಜಿನ್ನನ್ನು ಒಂದು ಕೈಯಿಂದ ಸುಮ್ಮನೆ ಹಿಂದು ಮುಂದಾಗಿ ತಿರುಗಿಸಿದಳು. ಮುಖ ಉತ್ತರಕ್ಕೆ ಬಂತು. ಪೂಜೆ ಮಾಡುವಾಗ ದೇವರು ತೂಗಾಡಬಾರದೆಂದು ಗಂಡ ಹೇಳಿದ್ದಕ್ಕೆ ಚೌಕಟ್ಟಿನ ಮೇಲೆ ಇಳಿಸಿದಳು. ಮಂಗಳಾರತಿಯಾಯಿತು. ಕುಂಬಳಕಾಯಿ ಒಡೆಯಿತು. ಆಯುಧಪೂಜೆಯ ದಿನ ಪೂಜೆಗಿಟ್ಟ ಆಯುಧ ಮುಟ್ಟುವಂತಿಲ್ಲ, ಆದ್ದರಿಂದ ಎಂಜಿನ್ನು ಹಾಗೆಯೇ ಹೂವಿನ ಕೆಳಗೆ ವಿಶ್ರಾಂತಿ ತೆಗೆದುಕೊಂಡಿತು.

ಮರುದಿನ ವಿಜಯದಶಮಿ. ಸಾವಿತ್ರಿ ಮನೆಯಲ್ಲಿ ಬನ್ನಿ ಹಂಚುತ್ತಿದ್ದಳು. ರಾತ್ರಿಯಿಡೀ ಗರ್ಬಾ ಆಡಿ ಕಣ್ಣು ಕೆಂಡವಾಗಿದ್ದ ನಿತಿನ್‌ಭಾಯಿ ಶೆಡ್ಡಿಗೆ ಬಂದ. ಎಂಜಿನ್ನು ಸರಿಯಾಗಿ ಚೌಕಟ್ಟಿನ ಮೇಲೆ ಕೂತಿದೆ, ಹಾರ ಬೇರೆ ಹಾಕಿದೆ. ಬೆನ್ ಅಳತೆ ನೋಡಿ ಕೂರಿಸಿ ಹೋಗಿದ್ದಾಳೆ ಎಂದುಕೊಂಡ. ಕೈಮುಗಿದ, ಹೂವು ಸರಿಸಿದ, ನಾಲ್ಕೂ ಕಡೆ ಭದ್ರವಾಗಿ ವೆಲ್ಡ್ ಮಾಡಿ ಮನೆಗೆ ಹೋಗಿ ಮಲಗಿದ. ಮೂರನೇ ದಿನ ಬಂದ ಸಾವಿತ್ರಿ, ನಿತಿನ್‌ಭಾಯಿ ಮತ್ತೆ ತಿರುಗಿಸಿಯೇ ವೆಲ್ಡ್ ಮಾಡಿರುತ್ತಾನೆ ಎಂದುಕೊಂಡಳು. ಗೇರಿನ ಕೇಬಲ್ಲು ಒಂದು ಮೊಳ ಗಿಡ್ಡ ಬಿತ್ತು. ಅಲ್ಲಾದರೂ ಒಬ್ಬರಿಗೆ ಅನುಮಾನ ಬರಬೇಕಿತ್ತು. "ಥೈ ಜಶೇ" ಎಂದು ನಿತಿನ್‌ಭಾಯಿ ಉದ್ದನೆಯ ಕೇಬಲ್ ತಂದ. ಕಾರನ್ನು ಇಟ್ಟಿಗೆ ಮೇಲೆ ಎತ್ತಿ ನಿಲ್ಲಿಸಿ ಎಂಜಿನ್ ಹಚ್ಚಿದಾಗ ಚಕ್ರಗಳು ಗಿರಗಿರ ತಿರುಗಿದವು, ಎಲ್ಲರೂ ಚಪ್ಪಾಳೆ ತಟ್ಟಿದರು, ಪೇಢೆ ಹಂಚಿದರು. ಯಾವ ಕಡೆಗೆ ತಿರುಗುತ್ತಿವೆ ಎಂದು ಒಬ್ಬರೂ ನೋಡಲಿಲ್ಲ. ಸಂತೋಷದಲ್ಲಿ ದಿಕ್ಕು ಯಾರು ನೋಡುತ್ತಾರೆ?

ಅಷ್ಟರಲ್ಲಿ ಸಾವಿತ್ರಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಹೊಸ ವರ್ಷಕ್ಕೆ ಅಲ್ಲಿರಬೇಕು. ಡಬ್ಬಾವನ್ನು ರಸ್ತೆಗಿಳಿಸುವಂತಿಲ್ಲ. ಮನೆಯಲ್ಲಿ ಕಟ್ಟಿದ ಕಾರಿಗೆ ನಂಬರ್ ಕೊಡುವವರಾರು? ವಿಮಾ ಕಂಪನಿಯವಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಬೇಲಿಯೊಳಗಿನ ಮೈದಾನದಲ್ಲಿ ಮಾತ್ರ ಓಡಿಸಬಹುದು. ಅಂಥದ್ದೊಂದು ಮೈದಾನ ಸಿಕ್ಕಿದ್ದು ಮೇದಿನಿಯಿಂದ. ನವರಂಗಪುರದ ಅವಳ ಕಾಲೇಜಿನಲ್ಲಿ ಡಿಸೆಂಬರಿನಲ್ಲಿ ಮನೆಯಲ್ಲಿ ಕಟ್ಟಿದ ಗಾಡಿಗಳ ಮೇಳ. ಮೈದಾನಕ್ಕೆ ಒಂದು ಸುತ್ತು ಹಾಕಬೇಕು, ಅಷ್ಟೇ. ಅದಾದ ಮೇಲೆ ಡಬ್ಬಾ ಕಾಲೇಜಿನ ವರ್ಕ್‌ಶಾಪಿನಲ್ಲಿ, ಹುಡುಗರು ಬಿಚ್ಚಿ ಕಲಿಯಲಿಕ್ಕೆ.

"ಒಂದೇ ಒಂದು ಸುತ್ತು," ಎಂದಳು ಸಾವಿತ್ರಿ ಗಂಡನಿಗೆ. "ನಾನು ಮುಂದೆ, ನೀವೂ ಮೇದಿನಿನೂ ಹಿಂದೆ. ಬಾಯಿ ಮುಚ್ಕೊಂಡು ಕೂರ್ಬೇಕು. ಆಮೇಲೆ ಜನ್ಮದಾಗೆ ನಿಮ್ಮನ್ನ ಏನೂ ಕೇಳಲ್ಲ." ಅವಳಿಗೆ ಆ ಒಂದು ಸುತ್ತು ಬೇಕಿತ್ತು, ಅಷ್ಟೊಂದು ಬೇಕಿತ್ತು.

ಮೇಳದ ಬೆಳಿಗ್ಗೆ ಡಬ್ಬಾ ನಿತಿನ್‌ಭಾಯಿಯ ಜೊತೆ ಟೆಂಪೊ ಹತ್ತಿ ನವರಂಗಪುರಕ್ಕೆ ಬಂದಿಳಿಯಿತು. ಮೈದಾನದಲ್ಲಿ ಜಾತಿಜಾತಿಯ ಗಾಡಿಗಳು. ಸ್ಕೂಟರು ಎರಡನ್ನು ಮಂಚಕ್ಕೆ ಕಟ್ಟಿದ್ದು ಒಂದು, ಹೊಲಿಗೆ ಯಂತ್ರದ ಪೆಡಲಿನದು ಒಂದು. ಮೈಕು ಹಿಡಿದಿದ್ದವನು ಮೇದಿನಿಯ ಸಹಪಾಠಿ ಮಂಥನ್. ಅವನು ನಿಯಮಗಳನ್ನು ಕೂಗಿ ಹೇಳುತ್ತಿದ್ದ. ಸ್ವಂತ ಎಂಜಿನ್ನಿನ ಬಲದಲ್ಲಿ, ಯಾರೂ ತಳ್ಳದೆ, ಇಬ್ಬರು ಪ್ರಯಾಣಿಕರನ್ನು ಹೊತ್ತು, ಸುಣ್ಣದ ಗೆರೆ ದಾಟದೆ, ಐದು ನಿಮಿಷದೊಳಗೆ ಒಂದು ಸುತ್ತು. ಜನ ಬೆಳಿಗ್ಗೆಯೇ ಕಡಲೆಹಿಟ್ಟಿನ ಫಾಫಡಾ, ಜಲೇಬಿ ತಿನ್ನುತ್ತ ಗೆರೆಯುದ್ದಕ್ಕೂ ನಿಂತಿದ್ದರು.

ಸರದಿಗೆ ಮುನ್ನ ಒಮ್ಮೆ ನಾಲ್ಕು ಹೆಜ್ಜೆ ಓಡಿಸಿ ನೋಡೋಣವೆಂದು ಸಾವಿತ್ರಿ ಹತ್ತಿ ಕೂತಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮೊದಲನೇ ಗೇರು. ಕ್ಲಚ್ಚು ಬಿಟ್ಟಳು. ಎದುರಿಗಿದ್ದ ನಿತಿನ್‌ಭಾಯಿ ದೂರ ದೂರವಾಗತೊಡಗಿದ. ಇವನ್ಯಾಕೆ ಹಿಂದೆ ಹೋಗ್ತಿದ್ದಾನೆ ಎಂದು ಅವಳು ಒಂದು ಕ್ಷಣ ಯೋಚಿಸಿದಳು. ಅಷ್ಟರಲ್ಲಿ ಬೆನ್ನ ಹಿಂದೆ ಢಣ್ ಎಂದಿತು. ಡಬ್ಬಾ ಹಿಮ್ಮುಖವಾಗಿ ಹೋಗಿ ಫಾಫಡಾ ಅಂಗಡಿಯ ಮೇಜಿಗೆ ಮುತ್ತು ಕೊಟ್ಟಿತ್ತು. ಜಲೇಬಿಯ ತಟ್ಟೆಯೊಂದು ಹಾರಿ ಹಿಂದಿನ ಸೀಟಿನಲ್ಲಿ, ಒಂದು ಚೂರೂ ಮುರಿಯದೆ, ಬಂದು ಕೂತಿತು.

"ಮೊದಲನೇ ಪ್ರಯಾಣಿಕ ಹತ್ತಿದ!" ಎಂದು ಮಂಥನ್ ಮೈಕಿನಲ್ಲಿ ಕೂಗಿದ. ಮೈದಾನವೆಲ್ಲ ನಕ್ಕಿತು.

ಎರಡನೇ ಗೇರು ಹಾಕಿ ನೋಡಿದರು. ಹಿಂದಕ್ಕೆ. ಮೂರು, ನಾಲ್ಕು, ಹಿಂದಕ್ಕೇ. ಕೊನೆಗೆ ರಿವರ್ಸ್ ಗೇರು ಹಾಕಿದರೆ ಡಬ್ಬಾ ಮುಂದಕ್ಕೆ ಹೊರಟಿತು, ಆದರೆ ಎಂಥ ನಡಿಗೆ! ಚಹಾದ ಕೆಟಲು ಹಿಡಿದು ನಡೆದು ಹೋಗುತ್ತಿದ್ದ ಅಜ್ಜನೊಬ್ಬ ಅದನ್ನು ದಾಟಿ ಮುಂದೆ ಹೋಗಿ, ತಿರುಗಿ ನೋಡಿ, ಕನಿಕರದಿಂದ ನಿಂತ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಇಲ್ಲಿ ಎತ್ತೂ ಕೋಣವೂ ಒಂದೇ ಗಾಡಿಯೊಳಗಿದ್ದವು.

ಮೇದಿನಿ ನೆಲಕ್ಕೆ ಮಲಗಿ ಗಾಡಿಯ ಕೆಳಗೆ ಇಣುಕಿ ನೋಡಿದಳು. ಎದ್ದು ಬಂದಾಗ ಅವಳ ತುಟಿ ನಗು ತಡೆಯಲಾಗದೆ ನಡುಗುತ್ತಿತ್ತು. "ಅಮ್ಮಾ, ಎಂಜಿನ್ ಉಲ್ಟಾ ಕೂತಿದೆ. ಯು ಹ್ಯಾವ್ ಫೋರ್ ರಿವರ್ಸ್ ಗೇರ್ಸ್."

ಸಾವಿತ್ರಿ ನಿತಿನ್‌ಭಾಯಿಯನ್ನು ನೋಡಿದಳು. ನಿತಿನ್‌ಭಾಯಿ ಸಾವಿತ್ರಿಯನ್ನು ನೋಡಿದ. "ನೀವೇ ಕೂರಿಸಿದ್ದಲ್ವಾ ಬೆನ್? ಹಾರ ಹಾಕಿತ್ತು..." ಎಂದ. ಆಮೇಲೆ ಇಬ್ಬರೂ ನಿಧಾನವಾಗಿ ತಿರುಗಿ ರಾಮಕೃಷ್ಣನನ್ನು ನೋಡಿದರು. ಅವನು ಜಲೇಬಿ ತಟ್ಟೆ ಹಿಡಿದು ನಿಂತಿದ್ದ.

"ಯಮನ ದಿಕ್ಕು..." ಎಂದು ಗೊಣಗಿದ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಮುಖ ಅವನದು.

ಎಂಜಿನ್ ತಿರುಗಿಸಬೇಕೆಂದರೆ ವೆಲ್ಡಿಂಗ್ ಕತ್ತರಿಸಬೇಕು. ಕತ್ತರಿಸುವ ಸಾಮಾನು ಗೋರ್ವಾದಲ್ಲಿ. ನಿತಿನ್‌ಭಾಯಿ ಬಾಯಿ ತೆರೆದ, ಜೀವನದಲ್ಲಿ ಮೊದಲ ಸಲ ಅವನಿಂದ ಥೈ ಜಶೇ ಹೊರಡಲಿಲ್ಲ. ಮುಂದಕ್ಕೆ ಹೋಗುವ ಆ ಒಂದೇ ಗೇರಿನಲ್ಲಿ ಸುತ್ತು ಮುಗಿಯಲು ಐದಲ್ಲ, ಹದಿನೈದು ನಿಮಿಷವೂ ಸಾಲದು. ಸಾವಿತ್ರಿ ಡಬ್ಬಾದ ಪಕ್ಕ ಹುಲ್ಲಿನ ಮೇಲೆ ಕೂತುಬಿಟ್ಟಳು. ಅವಳಿಗೆ ಅಳು ಬಂತು. ಇಷ್ಟೆಲ್ಲ ಹೊತ್ತು ತಂದು, ಬಡಿದು, ಕೂಡಿಸಿ, ಕೊನೆಗೆ ತನ್ನ ಪಾಲಿಗೆ ಬಂದದ್ದು ಮತ್ತೆ ಗಾಡಿಯ ಬೆನ್ನೇ! ಲಾರಿಯ ಹಿಂದೆ ನಿಂತ ಹುಡುಗಿ, ಓಣಿ, ಅಪ್ಪನ ಮಾತು ಎಲ್ಲ ಒಟ್ಟಿಗೆ ನೆನಪಾಯಿತು. ರಿವರ್ಸಿನಾಗೆ ಗಾಡಿ ಓಡ್ಸೋದು ಹಿಂದೆ ನಿಂತೋರು ಕಣವ್ವ.

ಅವಳು ತಟ್ಟನೆ ತಲೆ ಎತ್ತಿದಳು. ಕಣ್ಣೊರೆಸಿಕೊಂಡು ನೇರ ಮಂಥನ್ ಹತ್ತಿರ ಹೋದಳು.

"ಗಾಡಿಯ ಮೂತಿ ಯಾವ ಕಡೆ ಇರಬೇಕು ಅಂತ ನಿಯಮದಲ್ಲಿ ಇದೆಯಾ?" ಎಂದು ಹಿಂದಿಯಲ್ಲಿ ಕೇಳಿದಳು.

ಮಂಥನ್ ಪಕ್ಕದಲ್ಲಿದ್ದ ಪ್ರೊಫೆಸರರ ಮುಖ ನೋಡಿದ. ಪ್ರೊಫೆಸರರು ಕನ್ನಡಕ ಸರಿಮಾಡಿಕೊಂಡರು. ಅಂಥ ಪ್ರಶ್ನೆ ಇದುವರೆಗೆ ಯಾರೂ ಕೇಳಿರಲಿಲ್ಲ ಎಂದರು.

"ಮೂವತ್ತು ವರ್ಷದಿಂದ ಜನರಿಗೆ ಕ್ಲೇಮು ಕೊಡದಿರೋಕೆ ಕಾರಣ ಹುಡುಕಿದವಳು ನಾನು," ಎಂದಳು ಸಾವಿತ್ರಿ. "ಪಾಲಿಸಿಯಲ್ಲಿ ಹೊರಗಿಟ್ಟಿದ್ದೀವಿ ಅಂತ ಬರೆದಿಲ್ಲ ಅಂದ್ರೆ ಅದು ಒಳಗಿದೆ ಅಂತ್ಲೇ ಲೆಕ್ಕ. ನಾನು ಹಿಂದಕ್ಕೆ ಸುತ್ತು ಹಾಕ್ತೀನಿ."

ಪ್ರೊಫೆಸರರು ಹೊಟ್ಟೆ ಕುಲುಕಿಸಿ ನಕ್ಕು, ಹೋಗಿ ಎಂದು ಕೈಬೀಸಿದರು.

ಈಗ ಉಳಿದದ್ದು ಒಂದೇ ತೊಡಕು. ಹಿಂದಿನ ಸೀಟು ಎತ್ತರದ್ದು, ಶಾಲಾ ವ್ಯಾನಿನದು. ಇಬ್ಬರು ಕೂತರೆ ಸಾವಿತ್ರಿಗೆ ಹಿಂದಿನದೇನೂ ಕಾಣುವುದಿಲ್ಲ. ಮೊಪೆಡ್ಡಿನ ಕನ್ನಡಿಗಳಲ್ಲಿ ಆಕಾಶ ಮಾತ್ರ. ಯಾರಾದರೂ ಹಿಂದಕ್ಕೆ ತಿರುಗಿ ನಿಂತು ದಾರಿ ಹೇಳಬೇಕು.

"ಮೇದಿನೀ, ನೀನು..." ಎಂದು ಸಾವಿತ್ರಿ ಶುರುಮಾಡಿದಳು.

"ನಾನು ಹೇಳ್ತೀನಿ," ಎಂದ ರಾಮಕೃಷ್ಣ.

ಎಲ್ಲರೂ ಅವನನ್ನು ನೋಡಿದರು. ಅವನ ಹಣೆಯ ಮೇಲೆ ಬೆವರು. "ಎಂಜಿನ್ ತಿರುಗಿಸಿದ್ದು ನನ್ನಿಂದ. ನಾನೇ ಹೇಳ್ತೀನಿ. ಏನು ಹೇಳ್ಬೇಕು, ಹೇಳ್ಕೊಡು."

ಸಾವಿತ್ರಿ ಗಂಡನ ಅಂಗೈಯನ್ನು ಹಿಡಿದು ತಗಡಿನ ಮೇಲೆ ಇಟ್ಟಳು. "ತಗಡು ಬಡೀತಾ ಇರ್ರಿ. ದಾರಿ ಖಾಲಿ ಇದ್ರೆ ಬರ್ಲಿ, ಬರ್ಲಿ ಅನ್ರಿ. ಎಡಕ್ಕೆ ಬೇಕಂದ್ರೆ ಎಡಕ್ಕೆ, ಬಲಕ್ಕೆ ಬೇಕಂದ್ರೆ ಬಲಕ್ಕೆ. ನಿಲ್ಲಬೇಕಂದ್ರೆ ಸಾಕು ಅನ್ರಿ. ಬ್ರೇಕು ಅನ್ನೋ ಮಾತು ಮಾತ್ರ ನಿಮ್ಮ ಬಾಯಾಗೆ ಬರಕೂಡದು."

ರಾಮಕೃಷ್ಣ ಹಿಂದಿನ ಸೀಟಿನ ಮೇಲೆ ಮಂಡಿಯೂರಿ, ಹೆಂಡತಿಗೆ ಬೆನ್ನು ಹಾಕಿ, ಹಿಂದಿನ ಕಂಬಿ ಹಿಡಿದು ನಿಂತ. ಪಕ್ಕದಲ್ಲಿ ಮೇದಿನಿ. ನಡುವೆ ಜಲೇಬಿ. ಅಂಗಡಿಯವನು ಅದನ್ನು ವಾಪಸು ತೆಗೆದುಕೊಳ್ಳಲು ಒಪ್ಪಿರಲಿಲ್ಲ. ಅದೃಷ್ಟದ ತಟ್ಟೆ, ಇರಲಿ ಎಂದಿದ್ದ.

ಪೀಪಿ ಕೂಗಿತು. ಸಾವಿತ್ರಿ ಕ್ಲಚ್ಚು ಬಿಟ್ಟಳು.

"ಬರ್... ಬರ್ಲಿ," ಎಂದ ರಾಮಕೃಷ್ಣ, ಸತ್ಯನಾರಾಯಣ ಪೂಜೆಯಲ್ಲಿ ಮಂತ್ರ ಮರೆತವನಂತೆ. ಡಬ್ಬಾ ಕುಲುಕಿತು, ಹೊರಟಿತು. "ಬರ್ಲಿ. ಸ್ವಲ್ಪ ಎಡಕ್ಕೆ. ಅಯ್ಯೋ, ನನ್ನ ಎಡಕ್ಕಲ್ಲ ಕಣೇ, ನಿನ್ನ ಎಡಕ್ಕೆ! ಹಾಂ, ಬರ್ಲಿ." ಎರಡನೇ ಗೇರು. ಸಾವಿತ್ರಿ ಕತ್ತು ತಿರುಗಿಸಿ ನೋಡಿದರೆ ಕಂಡದ್ದು ಗಂಡನ ಬೆನ್ನು, ಬೆವರಿ ಅಂಟಿಕೊಂಡ ಅಂಗಿ, ಗಾಳಿಗೆ ಎದ್ದು ನಿಂತ ನಾಲ್ಕು ಬಿಳಿ ಕೂದಲು. ಇಷ್ಟು ವರ್ಷದಲ್ಲಿ ಅವನ ಬೆನ್ನನ್ನು ಅವಳು ಸ್ಕೂಟರಿನ ಮೇಲೆ ಎಷ್ಟು ನೋಡಿದ್ದಳೋ! ಅವನು ಓಡಿಸುತ್ತಿದ್ದಾಗ ಕಂಡ ಬೆನ್ನು ಅದು. ಇವತ್ತು ಓಡಿಸುತ್ತಿರುವವಳು ತಾನು.

ಮೊದಲ ತಿರುವಿನಲ್ಲಿ ಡಬ್ಬಾ ಹಾವಿನಂತೆ ಬಳುಕಿ ಸುಣ್ಣದ ಗೆರೆಯನ್ನು ಮೂಸಿ ಬಂತು. ಜನ ಹೋ ಎಂದರು. ಎರಡನೇ ತಿರುವಿನ ಹೊತ್ತಿಗೆ ಗೆರೆಯ ಪಕ್ಕದಲ್ಲಿ ನಿತಿನ್‌ಭಾಯಿ ಓಡತೊಡಗಿದ್ದ, ತಾನೇ ತಾನಾಗಿ ಅವನ ಬಾಯಿಂದ ಅವನ ಭಾಷೆಯ ಕೂಗು ಹೊರಟಿತು, "ಆವ್ವಾ ದೇ, ಆವ್ವಾ ದೇ!" ಬರಲಿ, ಬರಲು ಬಿಡು ಎಂದೇ ಅದರ ಅರ್ಥ. ಲಾರಿ ಹಿಂದಕ್ಕೆ ಬರುವಾಗ ದಾವಣಗೆರೆಯವರೂ ಗೋರ್ವಾದವರೂ ಕೂಗುವುದು ಒಂದೇ ಮಾತು! ಮೈದಾನದ ಅಂಚಿನಲ್ಲಿದ್ದವರೆಲ್ಲ ಅದನ್ನೇ ಹಿಡಿದುಕೊಂಡರು. ಈ ಕಡೆ ಆವ್ವಾ ದೇ, ಒಳಗೆ ಬರ್ಲಿ, ತಗಡಿನ ಢಬಢಬ. ಗರ್ಬಾದ ತಾಳವೇ ಬಂದುಬಿಟ್ಟಿತು, ಜನ ಚಪ್ಪಾಳೆ ಹಾಕಿದರು, ಇಬ್ಬರು ಹೆಂಗಸರು ಜಲೇಬಿ ಹಿಡಿದೇ ಕುಣಿಯತೊಡಗಿದರು.

"ಎರಡು ನಿಮಿಷ ಬಾಕಿ!" ಎಂದಿತು ಮೈಕು. ಇನ್ನೂ ಅರ್ಧ ಮೈದಾನವಿತ್ತು.

"ರೀ, ಮೂರನೇ ಗೇರು ಹಾಕ್ಲಾ?"

ತಗಡಿನ ಸದ್ದು ನಿಂತಿತು. ಸಾವಿತ್ರಿಗೆ ಹಿಂದೇನೂ ಕಾಣುತ್ತಿರಲಿಲ್ಲ. ಗಂಡನ ಬಲಗಾಲು ಮಾತ್ರ ಕಂಡಿತು. ಅದು ಸೀಟಿನ ಮೇಲೆ ಬಿಗಿಯಾಗಿ, ಬೆರಳೆಲ್ಲ ಮಡಚಿಕೊಂಡು, ಇಲ್ಲದ ಬ್ರೇಕನ್ನು ಹುಡುಕುತ್ತಿತ್ತು. ಈಗ ಬಂತು, ಎಂದುಕೊಂಡಳು ಅವಳು. ಈಗ ಹಸು ಬಂತು ಅಂತಾನೆ. ಅವಳ ಕಾಲು ತಾನಾಗಿ ನಿಜವಾದ ಬ್ರೇಕಿನ ಮೇಲೆ ಹೋಯಿತು.

ರಾಮಕೃಷ್ಣನ ಕಾಲು ಸಡಿಲವಾಯಿತು. ಅವನು ಎರಡೂ ಅಂಗೈಯಿಂದ ಎಣ್ಣೆ ಡಬ್ಬಿಯ ತಗಡನ್ನು ಧಡ್ಡನೆ ಬಡಿದ.

"ಬರ್ಲಿ!" ಎಂದು ಕೂಗಿದ. ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಧ್ವನಿ ಏರಿಸದ ಮನುಷ್ಯನ ಗಂಟಲು ಇಡೀ ನವರಂಗಪುರಕ್ಕೆ ಕೇಳಿಸಿತು. "ಬರ್ಲಿ ಕಣೇ! ಹಾಕು ಮೂರನೇದು! ದಾರಿ ನಿನ್ನದೇ, ಯಾರೂ ಇಲ್ಲ, ಬರ್ಲಿ, ಬರ್ಲಿ!"

ಮೂರನೇ ಗೇರು ಬಿತ್ತು. ಡಬ್ಬಾ ಹಾರಿತು. ಕಡಲೆಕಾಯಿ ಚಿತ್ರಗಳೆಲ್ಲ ಒಟ್ಟಿಗೆ ಗಿಲಿಗಿಲಿ ಎಂದವು. ಮೇದಿನಿ ಕಿರುಚುತ್ತಿದ್ದಳು, ಗುಜರಾತಿಯಲ್ಲೋ ಇಂಗ್ಲಿಷಿನಲ್ಲೋ ಅವಳಿಗೇ ಗೊತ್ತಿರಲಿಲ್ಲ. ಜಲೇಬಿ ತಟ್ಟೆ ಮತ್ತೆ ಹಾರಿತು, ಈ ಸಲ ಯಾರ ಕೈಗೂ ಸಿಗಲಿಲ್ಲ. ಕೊನೆಯ ತಿರುವು, ಮುಕ್ತಾಯದ ಗೆರೆ, ಪೀಪಿ. ಮುಗಿಯಿತು ಎಂದು ಮಂಥನ್ ಏನೇನೋ ಅರಚುತ್ತಿದ್ದ. ಸಮಯದೊಳಗೇ ಮುಗಿದಿತ್ತು.

ಸಾವಿತ್ರಿಯ ಕಾಲು ಮತ್ತೆ ಬ್ರೇಕಿನ ಮೇಲೆ ಬಂದಿತ್ತು. ಒಂದು ಮಾತಿಗಾಗಿ ಕಾಯುತ್ತಿದ್ದಳು. ಓಣಿಯಲ್ಲಿ ಅಪ್ಪ ಕಾಯುತ್ತಿದ್ದ ಹಾಗೆ, ಹಿಂದಿನವರು ಹೇಳುವವರೆಗೆ ನಿಲ್ಲಿಸುವಂತಿಲ್ಲ.

"ಪಪ್ಪಾ, ಸಾಕು ಅನ್ನು! ಲೈನ್ ದಾಟಿದೆ, ಸಾಕು ಅನ್ನು!" ಎಂದು ಮೇದಿನಿ ಅಪ್ಪನ ಅಂಗಿ ಜಗ್ಗಿದಳು.

ರಾಮಕೃಷ್ಣ ಮೊದಲ ಸಲ ತಿರುಗಿ ಹೆಂಡತಿಯ ಮುಖ ನೋಡಿದ. ಅವಳು ನಗುತ್ತಿದ್ದಳು, ಅವಳ ಕೆನ್ನೆ ಒದ್ದೆಯಾಗಿತ್ತು, ಕೂದಲು ಕೆದರಿತ್ತು. ಅವನು ಮತ್ತೆ ದಾರಿಯ ಕಡೆ ತಿರುಗಿದ.

"ನಾನ್ಯಾಕೆ ಅನ್ನಲಿ?" ಎಂದ. ತಗಡಿನ ಮೇಲೆ ಅಂಗೈ ಎತ್ತಿದ. "ಬರ್ಲಿ!"